ಕೋಡ್ ನೋಡಿ ಸೆನ್ಸರ್ ಬದಲಿಸಿದರೂ ಲೈಟ್ ಆರುತ್ತಿಲ್ಲ, ಯಾಕೆ?

ಪ್ರಶ್ನೆ: ನಮ್ಮದು 2021ರ ಬಿಎಸ್‌6 ಡೀಸೆಲ್ ಎಸ್‌ಯುವಿ, ಡಿಇಎಫ್ (ಯೂರಿಯಾ ದ್ರಾವಣ) ಹಾಕುವ ಗಾಡಿ. ಗದಗ-ಬೆಟಗೇರಿಯಲ್ಲಿ ಕಾಳುಕಡಿ ವ್ಯಾಪಾರ. ದಿನಾ ಮನೆ, ಅಂಗಡಿ, ಎಪಿಎಂಸಿ ಇಷ್ಟೇ ಓಡಾಟ, ಅಪರೂಪಕ್ಕೆ ಹುಬ್ಬಳ್ಳಿ. ಎರಡು ತಿಂಗಳ ಹಿಂದೆ ಎಂಜಿನ್ ಚೆಕ್ ಲೈಟ್ ಬಂತು. ಗ್ಯಾರೇಜಿನವರು ಸ್ಕ್ಯಾನರ್ ಹಚ್ಚಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಪ್ರೆಷರ್ ಸೆನ್ಸರ್ ಬದಲಿಸಿದರು. ವಾರದೊಳಗೆ ಲೈಟ್ ಮತ್ತೆ ಹತ್ತಿತು, ಪಿಕಪ್ ಬಿತ್ತು. ಈಗ ‘ಎರಡೂ ನಾಕ್ಸ್ ಸೆನ್ಸರ್ ಹೋಗ್ಯಾವ’ ಅನ್ನುತ್ತಿದ್ದಾರೆ. ರೇಟ್ ಕೇಳಿ ತಲೆ ತಿರುಗಿತು. ಇನ್ನೊಬ್ಬರು ‘ಎಲ್ಲಾ ಡಿಲೀಟ್ ಮಾಡಿ ಕೊಡ್ತೀನ್ರೀ, ಮತ್ತ ಲೈಟ್ ಬರಂಗಿಲ್ಲ’ ಅಂದರು. ಸ್ಕ್ಯಾನ್ ಚೀಟಿಯಲ್ಲಿ ಪಿ0546, ಪಿ2463, ಪಿ20ಇಇ ಎಂದಿದೆ. ಯಾವುದನ್ನು ಬದಲಿಸಬೇಕು? ಅಲ್ಲಿವರೆಗೆ ಗಾಡಿ ಓಡಿಸಬಹುದೇ?

ಉತ್ತರ: ನಾಕ್ಸ್ ಸೆನ್ಸರಿಗೆ, ಅಂದರೆ ಹೊಗೆಯ ನೈಟ್ರೋಜನ್ ಆಕ್ಸೈಡ್ ಅಳೆಯುವ ಸೆನ್ಸರಿಗೆ, ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ ಅಂದುಕೊಳ್ಳುತ್ತೇನೆ. ಕೊಡಬೇಡಿ, ಸದ್ಯಕ್ಕಂತೂ ಬೇಡ. ನಿಮ್ಮ ಚೀಟಿಯಲ್ಲಿರುವ ಮೂರು ಕೋಡ್‌ಗಳಲ್ಲಿ ಒಂದೇ ಒಂದು ನೇರವಾಗಿ ಸೆನ್ಸರ್ ಬಗ್ಗೆ ಮಾತಾಡುತ್ತಿದೆ, ಅದು ಪಿ0546. ಅದನ್ನೇ ಯಾರೂ ಮುಟ್ಟಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗಿದೆ. ಒಂದು ಬರೆ ಆಗಲೇ ಬಿದ್ದಿದೆ; ಇನ್ನೆರಡು ಬೀಳುವ ಮೊದಲು ಕೇಳಿದ್ದು ಒಳ್ಳೆಯದಾಯಿತು.

ಕೋಡ್‌ಗಳನ್ನೇ ಮೊದಲು ಓದೋಣ. ಪಿ0546 ಅಂದರೆ ಸೈಲೆನ್ಸರ್ ದಾರಿಯಲ್ಲಿ ಎಂಜಿನ್ನಿಗೆ ಹತ್ತಿರವಿರುವ ಟೆಂಪರೇಚರ್ ಸೆನ್ಸರಿನ ಸರ್ಕ್ಯೂಟ್‌ನಲ್ಲಿ ವೋಲ್ಟೇಜ್ ಮೇಲೆ ಹೋಗಿದೆ ಎಂದು. ಹೆಚ್ಚಿನ ಸಲ ಇದರರ್ಥ ಸೆನ್ಸರಿನ ಒಳಗೋ, ಕಪ್ಲರ್‌ನಲ್ಲೋ (ವೈರ್ ಜೋಡಿಸುವ ಪ್ಲಗ್), ವೈರಿನಲ್ಲೋ ಎಲ್ಲೋ ಒಂದು ಕಡೆ ತುಂಡಾಗಿದೆ. ಪಿ2463 ಅಂದರೆ ಡಿಪಿಎಫ್‌ನಲ್ಲಿ ಮಸಿ ಮಿತಿ ಮೀರಿ ಕೂತಿದೆ ಎಂದು. ಇದು ಪ್ರೆಷರ್ ಸೆನ್ಸರ್ ಕೆಟ್ಟಿದೆ ಅನ್ನುವ ಕೋಡ್ ಅಲ್ಲವೇ ಅಲ್ಲ. ಆ ಸೆನ್ಸರೋ ಅದರ ವೈರೋ ಕೆಟ್ಟರೆ ಬರುವುದು ಪಿ2452ರಿಂದ ಪಿ2455ರವರೆಗಿನವು. ನಿಮ್ಮ ಹಳೆಯ ಪ್ರೆಷರ್ ಸೆನ್ಸರ್ ಬಹುಶಃ ನಿಜವನ್ನೇ ಹೇಳುತ್ತಿತ್ತು, ಫಿಲ್ಟರ್ ಕಟ್ಟಿದೆ ಅಂತ. ಅದನ್ನು ಬಿಚ್ಚಿ ಹೊಸದು ಹಾಕಿದರು. ಹೊಸದೂ ಅದೇ ನಿಜ ಹೇಳಿತು. ಪಿ20ಇಇ ಕೂಡ ಇದೇ ಜಾತಿಯದು. ಡಿಇಎಫ್ ಸಿಂಪಡಿಸಿ ನೈಟ್ರೋಜನ್ ಆಕ್ಸೈಡ್ ಇಳಿಸುವ ಎಸ್‌ಸಿಆರ್ ಘಟಕದ ಕೆಲಸ ಸಾಲದು ಎಂಬ ದೂರು ಅದು. ನಾಕ್ಸ್ ಸೆನ್ಸರೇ ಸತ್ತಿದ್ದರೆ ಪಿ2200, ಪಿ2201ರಂಥ ಕೋಡ್ ಬರಬೇಕು, ಇಸಿಯು ಅಂದರೆ ಎಂಜಿನ್ನಿನ ಕಂಪ್ಯೂಟರ್ ಜೊತೆ ಅದು ಮಾತೇ ನಿಲ್ಲಿಸಿದ್ದರೆ ‘ಯು’ ಅಕ್ಷರದಿಂದ ಶುರುವಾಗುವ ಕೋಡ್. ಎರಡೂ ನಿಮ್ಮ ಚೀಟಿಯಲ್ಲಿಲ್ಲ.

ಇನ್ನು ಈ ಮೂರರ ನಂಟು. ಡಿಪಿಎಫ್ ಮಸಿ ಹಿಡಿದಿಟ್ಟುಕೊಳ್ಳುತ್ತದೆ, ತುಂಬಿದಾಗ ಇಸಿಯು ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಫಿಲ್ಟರನ್ನು 550ರಿಂದ 650 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಆ ಮಸಿಯನ್ನು ಸುಡುತ್ತದೆ. ರೀಜನರೇಶನ್ ಅನ್ನುವುದು ಇದಕ್ಕೇ. ಗ್ಯಾರೇಜಿನ ಬಾಯಲ್ಲಿ ‘ರೀಜನ್’. ಇಷ್ಟು ಬೆಂಕಿ ಆಡಿಸಬೇಕಾದರೆ ಒಳಗೆ ಎಷ್ಟು ಕಾದಿದೆ ಎಂದು ಗೊತ್ತಿರಲೇಬೇಕು. ಗೊತ್ತಿಲ್ಲದಿದ್ದರೆ ಟರ್ಬೋ ಸುಡಬಹುದು, ಫಿಲ್ಟರ್ ಕರಗಬಹುದು. ಹಾಗಾಗಿ ಟೆಂಪರೇಚರ್ ಸೆನ್ಸರ್ ಕೈಕೊಟ್ಟ ಕೂಡಲೇ ಬಹಳಷ್ಟು ಗಾಡಿಗಳಲ್ಲಿ ಇಸಿಯು ರೀಜನ್ನನ್ನೇ ನಿಲ್ಲಿಸಿಬಿಡುತ್ತದೆ. ಮಸಿ ಮಾತ್ರ ಬಂದು ಕೂರುವುದು ನಿಲ್ಲುವುದಿಲ್ಲ. ಕೆಲವು ವಾರದಲ್ಲಿ ಪಿ2463, ಅದರ ಹಿಂದೆಯೇ ಪಿಕಪ್ ಬೀಳುವುದು, ಅಂದರೆ ಲಿಂಪ್ ಮೋಡ್. ಡಿಇಎಫ್ ಚಿಮ್ಮುವುದಕ್ಕೂ ಹೊಗೆ ಸುಮಾರು 200 ಡಿಗ್ರಿ ದಾಟಿದೆ ಎಂಬ ಖಾತ್ರಿ ಬೇಕು. ಉಷ್ಣತೆಯ ಲೆಕ್ಕ ತಪ್ಪಿದರೆ ಎಷ್ಟೋ ಮಾಡೆಲ್‌ಗಳಲ್ಲಿ ಅದೂ ಕಡಿಮೆಯಾಗುತ್ತದೆ ಇಲ್ಲವೇ ನಿಲ್ಲುತ್ತದೆ, ಆಗ ಪಿ20ಇಇ. ಒಂದು ಸಣ್ಣ ಸೆನ್ಸರಿನ ಹಿಂದೆ ಇಷ್ಟೊಂದು ಮೆರವಣಿಗೆ. ನಿಮ್ಮ ಓಡಾಟವೂ ಇದಕ್ಕೆ ತುಪ್ಪ ಸುರಿದಿದೆ. ಮನೆಯಿಂದ ಎಪಿಎಂಸಿಗೆ ಹೋಗಿ ಬರುವಷ್ಟರಲ್ಲಿ ಸೈಲೆನ್ಸರ್ ಸರಿಯಾಗಿ ಕಾಯುವುದೇ ಇಲ್ಲ. ಸೆನ್ಸರ್ ಚೆನ್ನಾಗಿದ್ದ ದಿನಗಳಲ್ಲೂ ಅರ್ಧಕ್ಕೇ ನಿಂತ ರೀಜನ್‌ಗಳು ಎಷ್ಟೋ ಇರಬೇಕು.

ಇದನ್ನು ಊಹೆಯಲ್ಲಿ ಬಿಡಬೇಕಿಲ್ಲ. ಬಹಳಷ್ಟು ಗಾಡಿಗಳಲ್ಲಿ ಕೋಡ್ ಜೊತೆ ಅದು ಹುಟ್ಟಿದ ಕ್ಷಣದ ವಿವರವನ್ನು ಇಸಿಯು ಬರೆದಿಟ್ಟುಕೊಳ್ಳುತ್ತದೆ. ಫ್ರೀಜ್ ಫ್ರೇಮ್ ಅಂತ. ಅದರಲ್ಲಿ ಆಗಿನ ಆರ್‌ಪಿಎಂ, ವೇಗ, ಎಂಜಿನ್ ಉಷ್ಣತೆ, ಹಲವು ಗಾಡಿಗಳಲ್ಲಿ ಎಷ್ಟನೇ ಕಿಲೋಮೀಟರ್‌ಗೆ ಬಂತು ಎಂಬುದೂ ಸಿಗುತ್ತದೆ. ಪಿ0546 ಮೊದಲು ಬಂದಿದ್ದರೆ ನಾನು ಹೇಳಿದ ಸರಪಳಿ ನಿಜ. ತೊಂದರೆ ಏನೆಂದರೆ ನಮ್ಮಲ್ಲಿ ಸ್ಕ್ಯಾನರ್ ಹಚ್ಚಿದ ತಕ್ಷಣ ಬೆರಳು ‘ಕ್ಲಿಯರ್’ ಒತ್ತಲು ಓಡುತ್ತದೆ. ಕ್ಲಿಯರ್ ಮಾಡಿದರೆ ಈ ದಾಖಲೆ ಅಳಿಸಿಹೋಗುತ್ತದೆ. ಇನ್ನು ಮುಂದೆ ಯಾರೇ ಸ್ಕ್ಯಾನರ್ ಹಚ್ಚಲಿ, ಮೊದಲು ಪರದೆಯ ಫೋಟೋ ತೆಗೆದುಕೊಳ್ಳಿ.

ಇಷ್ಟೆಲ್ಲ ಸೆನ್ಸರ್ ಯಾಕೆ ಬಂದವು ಎಂದು ಹಳೆಯ ಜೀಪ್, ಸುಮೋ ಓಡಿಸಿದವರು ಬೈಯುತ್ತಾರೆ. 2020ರ ಏಪ್ರಿಲ್ 1ರಿಂದ ದೇಶ ಬಿಎಸ್‌5 ಹಾರಿ ನೇರ ಬಿಎಸ್‌6ಗೆ ಬಂತು. ಡೀಸೆಲ್ ಕಾರಿಗೆ ಕಿಲೋಮೀಟರಿಗೆ 0.25 ಗ್ರಾಂ ಇದ್ದ ನೈಟ್ರೋಜನ್ ಆಕ್ಸೈಡ್ ಮಿತಿ 0.08ಕ್ಕೆ ಇಳಿಯಿತು, ಮಸಿಯ ಮಿತಿ 0.025ರಿಂದ 0.0045 ಗ್ರಾಂಗೆ. ಇದು ಬರೀ ಎಂಜಿನ್ ಟ್ಯೂನಿಂಗ್‌ನಲ್ಲಿ ಆಗುವ ಕೆಲಸವಲ್ಲ. ಫಿಲ್ಟರ್ ಬೇಕು, ಹೊಗೆ ಶುದ್ಧ ಮಾಡುವ ಕೆಟಲಿಸ್ಟ್ ಬೇಕು, ಅವು ಕೆಲಸ ಮಾಡುತ್ತಿವೆಯೇ ಎಂದು ನೋಡುವ ಕಣ್ಣು ಬೇಕು. 2023ರ ಏಪ್ರಿಲ್‌ನಿಂದ ಎರಡನೇ ಹಂತ ಬಂದು, ರಸ್ತೆಯ ಮೇಲೆ ಓಡುವಾಗಲೂ ಮಿತಿ ಕಾಯಬೇಕು ಎಂದಾದ ಮೇಲೆ ಈ ನಿಗಾ ಇನ್ನೂ ಬಿಗಿಯಾಗಿದೆ.

ಈಗ ಕೆಲಸದ ಮಾತು. ಟೆಂಪರೇಚರ್ ಸೆನ್ಸರ್ ನಿಜಕ್ಕೂ ಹೋಗಿದೆಯೇ ಎಂದು ನೋಡಲು ದುಡ್ಡು ಖರ್ಚಿಲ್ಲದ ಪರೀಕ್ಷೆಯೊಂದಿದೆ. ರಾತ್ರಿಯಿಡೀ ನಿಂತ ಗಾಡಿಗೆ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಕೀ ಆನ್ ಮಾಡಿ ಸ್ಕ್ಯಾನರಿನಲ್ಲಿ ಲೈವ್ ಡೇಟಾ ತೆರೆಯಿರಿ. ಕೂಲೆಂಟ್, ಒಳಬರುವ ಗಾಳಿ, ಸೈಲೆನ್ಸರ್ ದಾರಿಯ ಒಂದು, ಎರಡು, ಮೂರನೇ ಸೆನ್ಸರ್ ಎಲ್ಲವೂ ಅಂದಿನ ಹವೆಯ ಆಸುಪಾಸಿನಲ್ಲೇ ಇರಬೇಕು. ಎಲ್ಲ 24, 25 ತೋರಿಸುವಾಗ ಒಂದು ಮಾತ್ರ ಒಂಬೈನೂರು ತೋರಿಸಿದರೆ ಕಳ್ಳ ಸಿಕ್ಕ. ಆದರೆ ಇಲ್ಲೊಂದು ಮೋಸವಿದೆ. ಸೆನ್ಸರ್ ತುಂಡಾದಾಗ ಕೆಲವು ಇಸಿಯುಗಳು ತಮ್ಮದೇ ಒಂದು ಸಾಧಾರಣ ಅಂಕಿಯನ್ನು ತುಂಬಿಕೊಂಡು ಓಡುತ್ತವೆ, ಸ್ಕ್ಯಾನರ್ ಅದನ್ನೇ ತೋರಿಸುತ್ತದೆ. ನೋಡಿದವರು ‘ಸೆನ್ಸರ್ ಚಲೋ ಐತಿ’ ಎಂದು ಮುಂದೆ ಹೋಗುತ್ತಾರೆ. ಅನುಮಾನ ಬಂದರೆ ಕಪ್ಲರ್ ಬಿಚ್ಚಿ ನೋಡಿ. ಬಿಚ್ಚಿದ ಮೇಲೂ ಅಂಕಿ ಅಲ್ಲಾಡದಿದ್ದರೆ ಅದು ಸೆನ್ಸರ್ ಹೇಳಿದ್ದಲ್ಲ, ಇಸಿಯು ಕಟ್ಟಿದ ಕಥೆ.

ಮಲ್ಟಿಮೀಟರ್ ಹಿಡಿದರೆ ಇನ್ನೂ ಖಾತ್ರಿ, ಆದರೆ ಅಲ್ಲೂ ಎಡವುತ್ತಾರೆ. ಈ ಸೆನ್ಸರ್‌ಗಳಲ್ಲಿ ಎರಡು ಬಗೆ. ಪ್ಲಾಟಿನಂ ತಂತಿಯ ಬಗೆಯಲ್ಲಿ ಸಾಮಾನ್ಯವಾಗಿ ಸೊನ್ನೆ ಡಿಗ್ರಿಗೆ 200 ಓಮ್ ಇರುತ್ತದೆ, ನಮ್ಮ ಹವೆಯಲ್ಲಿ 220ರ ಹತ್ತಿರ. ಕಾದಂತೆ ಓಮ್ ಏರುತ್ತದೆ. ಇನ್ನೊಂದು ಬಗೆಯಲ್ಲಿ ಕಾದಂತೆ ಓಮ್ ಇಳಿಯುತ್ತದೆ. ತಣ್ಣಗಿರುವಾಗ ಅದರ ಓಮ್ ಎಷ್ಟು ಹೆಚ್ಚೆಂದರೆ ಸಣ್ಣ ರೇಂಜಿನಲ್ಲಿಟ್ಟ ಮೀಟರ್ ‘ಓಪನ್’ ಅಂದುಬಿಡುತ್ತದೆ. ಆರೋಗ್ಯವಾಗಿರುವ ಸೆನ್ಸರನ್ನು ಹೀಗೆ ಸತ್ತಿದೆ ಎಂದು ಎಸೆದವರನ್ನು ನೋಡಿದ್ದೇನೆ. ಯಾವ ಬಗೆ ಎಂದು ತಿಳಿದು, ಮೀಟರಿನ ರೇಂಜ್ ಏರಿಸಿ, ತುದಿಗೆ ಹಾಟ್ ಏರ್ ಗನ್ ಹಿಡಿದು ಅಂಕಿ ನಯವಾಗಿ ಜಾರುತ್ತದೆಯೇ ನೋಡಬೇಕು. ಜಾರಿದರೆ ಸೆನ್ಸರ್ ಸರಿಯಿದೆ, ವೈರಿಂಗ್ ನೋಡಿ. ಕಪ್ಲರಿನ ಇಸಿಯು ಕಡೆಯ ಎರಡು ಪಿನ್‌ಗಳ ನಡುವೆ ಕೀ ಆನ್ ಇದ್ದಾಗ 5 ವೋಲ್ಟ್ ಆಸುಪಾಸು ಸಿಗಬೇಕು. ಸಿಗದಿದ್ದರೆ ಹೊಸ ಸೆನ್ಸರ್ ಹಾಕಿ ಉಪಯೋಗವಿಲ್ಲ.

ನಿಮ್ಮದು ಕಾಳಿನ ವ್ಯಾಪಾರ ಎಂದಿದ್ದೀರಿ. ಗಾಡಿ ಗೋದಾಮಿನ ಪಕ್ಕ ನಿಲ್ಲುತ್ತಿದ್ದರೆ ಇಲಿಯ ಮೇಲೂ ಒಂದು ಕಣ್ಣಿಡಿ. ಶೇಂಗಾ, ಕಡಲೆ ಚೀಲ ಇದ್ದಲ್ಲಿ ಇಲಿ ಇದ್ದೇ ಇರುತ್ತದೆ, ರಾತ್ರಿ ಬೆಚ್ಚಗಿರುವ ಎಂಜಿನ್ ಮೇಲೆ ಬಂದು ಕೂರುತ್ತದೆ. ವೈರಿಗೆ ಸುತ್ತಿದ ಕಪ್ಪು ಹೊದಿಕೆ ಮೇಲಿಂದ ಸರಿಯಾಗಿಯೇ ಕಾಣುತ್ತದೆ. ಅದನ್ನು ತಿರುಗಿಸಿ ಅಡಿಭಾಗ ನೋಡಿದರೆ ಮಾತ್ರ ಹಲ್ಲಿನ ಗುರುತು, ಹಸಿರು ಹಿಡಿದ ತಾಮ್ರ. ಸೆನ್ಸರಿನ ಬುಡದಿಂದ ಕಪ್ಲರಿನವರೆಗೆ ಬೆರಳಾಡಿಸಿಯೇ ನೋಡಬೇಕು.

ಪ್ರೆಷರ್ ಸೆನ್ಸರ್ ಬದಲಾಗಿದೆ, ಸರಿ. ಆದರೆ ಅದಕ್ಕೆ ಹೋಗುವ ರಬ್ಬರ್ ಪೈಪ್‌ಗಳನ್ನು ನೋಡಿದರೇ? ಸಾಮಾನ್ಯವಾಗಿ ಎರಡು ಇರುತ್ತವೆ, ಫಿಲ್ಟರಿನ ಮುಂದಿನಿಂದ ಒಂದು, ಹಿಂದಿನಿಂದ ಒಂದು. ಎರಡರ ಒತ್ತಡದ ವ್ಯತ್ಯಾಸವೇ ಫಿಲ್ಟರ್ ಎಷ್ಟು ಕಟ್ಟಿದೆ ಎಂಬುದರ ಅಳತೆ. ಪೈಪ್ ಎಲ್ಲಿ ಬಿರಿಯುತ್ತದೆ ಅಂದರೆ ಕಬ್ಬಿಣದ ನಳಿಕೆಗೆ ಸಿಕ್ಕಿಸಿದ ಕಡೆ, ಕ್ಲಿಪ್ಪಿನ ಅಂಚಿಗೆ. ನೇರ ನೋಡಿದರೆ ಏನೂ ಇಲ್ಲ. ಪೈಪನ್ನು ಬೆರಳಿನಿಂದ ಬಗ್ಗಿಸಿದಾಗ ಬಾಯಿ ತೆರೆಯುತ್ತದೆ, ಸುತ್ತ ಕಾಡಿಗೆಯಂಥ ಕಪ್ಪು ಉಂಗುರ. ಇನ್ನು ಕೆಲವದರ ಒಳಗೆ ಮಸಿ ಮತ್ತು ನೀರು ಸೇರಿ ಗಸಿಯಾಗಿ ಬಿರಡೆ ಹಾಕಿದಂತೆ ಕೂತಿರುತ್ತದೆ. ಸೆನ್ಸರಿನ ಕಡೆ ಬಿಚ್ಚಿಟ್ಟು ಆಮೇಲೇ ಪೈಪಿಗೆ ಗಾಳಿ ಹೊಡೆಯಬೇಕು. ಸೆನ್ಸರ್ ಜೋಡಿಸಿಕೊಂಡೇ ಕಂಪ್ರೆಸರ್ ಗಾಳಿ ಬಿಟ್ಟರೆ ಹೊಸ ಸೆನ್ಸರೂ ಅಲ್ಲೇ ಸತ್ತಿತು. ಎರಡು ಪೈಪ್ ಅದಲುಬದಲಾಗಿ ಸಿಕ್ಕಿಸುವುದೂ ಉಂಟು. ಕೀ ಆನ್, ಎಂಜಿನ್ ಆಫ್ ಇದ್ದಾಗ ವ್ಯತ್ಯಾಸ ಸೊನ್ನೆ ಇರಬೇಕು. ಕಾದ ಎಂಜಿನ್ ಐಡಲ್‌ನಲ್ಲಿದ್ದಾಗ ಕೆಲವೇ ಮಿಲಿಬಾರ್, ರೇಸ್ ಕೊಟ್ಟಂತೆ ಏರಿ, ಬಿಟ್ಟಾಗ ಇಳಿಯಬೇಕು. ಹೊಸ ಸೆನ್ಸರ್ ಹಾಕಿದ ಮೇಲೆ ಆ ಸೊನ್ನೆಯನ್ನು ಸ್ಕ್ಯಾನರಿನಿಂದ ಇಸಿಯುಗೆ ಕಲಿಸುವ ಕೆಲಸ ಬಹಳ ಗಾಡಿಗಳಲ್ಲಿದೆ. ಬರೀ ಬೋಲ್ಟ್ ಬಿಗಿದು ಕಳಿಸಿದ್ದರೆ ಅದನ್ನೂ ಮಾಡಿಸಿ.

ನಾಕ್ಸ್ ಸೆನ್ಸರಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ದೊಡ್ಡ ದುಡ್ಡು ಇರುವುದು ಅಲ್ಲೇ. ಅದರ ತುದಿಯಲ್ಲಿ ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ಪಟ್ಟಿ. ಅದರೊಳಗೆ ಎರಡು ಪುಟ್ಟ ಕೋಣೆ. ಮೊದಲನೆಯದರಲ್ಲಿ ಹೊಗೆಯ ಆಕ್ಸಿಜನ್ನನ್ನು ಹೊರಹಾಕುತ್ತದೆ. ಎರಡನೆಯದರಲ್ಲಿ ಉಳಿದ ನೈಟ್ರಿಕ್ ಆಕ್ಸೈಡನ್ನು ಒಡೆದು, ಅದರಿಂದ ಬಿಟ್ಟುಬಂದ ಆಕ್ಸಿಜನ್ ಎಷ್ಟೆಂದು ಅಳೆಯುತ್ತದೆ. ಆ ಕರೆಂಟ್ ನ್ಯಾನೋಆಂಪಿಯರ್ ಲೆಕ್ಕದ್ದು. ಅಷ್ಟು ಸಣ್ಣ ಸಿಗ್ನಲ್ ದೂರ ಹೋಗಲಾರದು. ಅದಕ್ಕೇ ಪ್ರತಿ ಸೆನ್ಸರಿಗೂ ಅದರದೇ ಎಲೆಕ್ಟ್ರಾನಿಕ್ ಡಬ್ಬಿ ವೈರಿನಲ್ಲೇ ಅಂಟಿಕೊಂಡು ಬರುತ್ತದೆ, ಜೋಡಿಯಾಗಿಯೇ ಕ್ಯಾಲಿಬ್ರೇಟ್ ಆಗಿರುತ್ತದೆ. ‘ತುದಿ ಅಷ್ಟ ಬದಲಿ ಮಾಡಿ ವೈರ್ ಜೋಡಿಸ್ತೀನಿ’ ಅನ್ನುವವರ ಹತ್ತಿರ ಗಾಡಿ ಬಿಡಬೇಡಿ.

ಈ ಪಿಂಗಾಣಿ ಕೆಲಸ ಮಾಡುವುದು ಸುಮಾರು 800 ಡಿಗ್ರಿಯಲ್ಲಿ, ಒಳಗೇ ಹೀಟರ್ ಇದೆ. ಕಾದ ಪಿಂಗಾಣಿಗೆ ಒಂದು ಹನಿ ನೀರು ಬಿದ್ದರೂ ಸೀಳು ಬಿಡುತ್ತದೆ. ಹೀಗಾಗಿ ಸೈಲೆನ್ಸರ್ ಪೂರ್ತಿ ಕಾದು ಒಳಗಿನ ತೇವ ಆರುವವರೆಗೆ ಇಸಿಯು ಆ ಹೀಟರನ್ನು ಪೂರ್ತಿ ಚಾಲೂ ಮಾಡುವುದಿಲ್ಲ. ನಿಂತ ಗಾಡಿಯಲ್ಲಿ ಕೀ ಆನ್ ಮಾಡಿ ‘ರೀಡಿಂಗೇ ಬರವಲ್ದು’ ಎಂದು ತೀರ್ಪು ಕೊಡುವುದು ಇದಕ್ಕೇ ತಪ್ಪು. ಗಾಡಿಯನ್ನು ಚೆನ್ನಾಗಿ ಓಡಿಸಿ, ಸ್ಕ್ಯಾನರ್ ಹಚ್ಚಿಕೊಂಡೇ, ಗೇರ್‌ನಲ್ಲಿರುವಾಗಲೇ ಎಕ್ಸಲರೇಟರಿನಿಂದ ಕಾಲು ತೆಗೆಯಬೇಕು. ಆಗ ಡೀಸೆಲ್ ಚಿಮ್ಮುವುದು ನಿಲ್ಲುತ್ತದೆ, ಸೈಲೆನ್ಸರಿನಲ್ಲಿ ಬರೀ ಗಾಳಿ. ಆರೋಗ್ಯವಾದ ನಾಕ್ಸ್ ಸೆನ್ಸರ್ ಆ ಕೆಲವು ಸೆಕೆಂಡ್ ಆಕ್ಸಿಜನ್ ಶೇ 21ರ ಹತ್ತಿರ, ನಾಕ್ಸ್ ಸೊನ್ನೆಯ ಹತ್ತಿರ ತೋರಿಸಬೇಕು. ಮತ್ತೆ ಎಕ್ಸಲರೇಟರ್ ಒತ್ತಿದಾಗ ಮುಂದಿನ ಸೆನ್ಸರ್ ಜಿಗಿಯಬೇಕು, ಎಸ್‌ಸಿಆರ್ ದಾಟಿದ ಹಿಂದಿನ ಸೆನ್ಸರ್ ಅದಕ್ಕಿಂತ ಎಷ್ಟೋ ಕೆಳಗಿರಬೇಕು. ಎರಡೂ ಸೆನ್ಸರ್ ಗಾಳಿಗೆ ಸರಿಯಾಗಿ ಉತ್ತರ ಕೊಟ್ಟು, ಲೋಡ್ ಬಿದ್ದಾಗ ಎರಡೂ ಒಂದೇ ಮಟ್ಟದಲ್ಲಿದ್ದರೆ ತಪ್ಪು ಸೆನ್ಸರಿನದಲ್ಲ; ಡಿಇಎಫ್ ಚಿಮ್ಮುತ್ತಿಲ್ಲ ಅಥವಾ ಕೆಟಲಿಸ್ಟ್ ಸೋತಿದೆ. ಎರಡೂ ಸೆನ್ಸರ್ ಒಂದೇ ವಾರದಲ್ಲಿ ಜೊತೆಯಾಗಿ ಸಾಯುವುದು ಅಪರೂಪ. ಹಾಗೆ ಯಾರಾದರೂ ಹೇಳಿದರೆ ಮೊದಲು ಎರಡಕ್ಕೂ ಸೇರಿದ ಫ್ಯೂಸ್ ನೋಡಲು ಹೇಳಿ.

ಡಿಇಎಫ್ ಎಲ್ಲಿಂದ ತರುತ್ತೀರಿ ಎಂದು ನೀವು ಬರೆದಿಲ್ಲ. ಅದು ಶುದ್ಧ ಯೂರಿಯಾ ಶೇ 32.5, ಉಳಿದದ್ದು ಖನಿಜ ತೆಗೆದ ನೀರು, ಐಎಸ್‌ಒ 22241 ಗುಣಮಟ್ಟದ್ದು. ನಮ್ಮ ಕಡೆ ಹೊಲಕ್ಕೆ ತಂದ ಗೊಬ್ಬರದ ಯೂರಿಯಾ ಮನೆಯಲ್ಲೇ ಇರುತ್ತದೆ, ಬೋರಿನ ನೀರಿಗೂ ಬರವಿಲ್ಲ. ಕಲಸಿ ಹಾಕಿದರೇನು ಎಂಬ ಯೋಚನೆ ಬರುವುದು ಸಹಜ. 2015ರಿಂದ ಗೊಬ್ಬರದ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪ ಕಡ್ಡಾಯ. ಆ ಎಣ್ಣೆ, ಗೊಬ್ಬರದಲ್ಲಿರುವ ಬೈಯೂರೆಟ್ ಎಂಬ ಕಲ್ಮಶ, ಬೋರ್ ನೀರಿನ ಸುಣ್ಣ ಎಲ್ಲಾ ಸೇರಿ ಇಂಜೆಕ್ಟರಿನ ರಂಧ್ರ ಮುಚ್ಚುತ್ತವೆ, ಕೆಟಲಿಸ್ಟ್ ಹಾಳು ಮಾಡುತ್ತವೆ. ಸಬ್ಸಿಡಿ ಗೊಬ್ಬರವನ್ನು ಹೊಲಕ್ಕಲ್ಲದೆ ಬೇರೆ ಕೆಲಸಕ್ಕೆ ಬಳಸುವುದು ಕಾನೂನಿಗೂ ವಿರುದ್ಧ. ಸೀಲ್ ಇರುವ ಕ್ಯಾನ್, ಮೇಲೆ ತಯಾರಾದ ದಿನಾಂಕ, ಬಿಸಿಲಿಗಿಡದ ಅಂಗಡಿ. ಇಷ್ಟು ನೋಡಿ ತನ್ನಿ. ಹಿಂದಿನ ನಾಕ್ಸ್ ಸೆನ್ಸರ್ ಬಿಚ್ಚಿದಾಗ ತುದಿಗೆ ಬಿಳಿ ಹರಳು ಕಟ್ಟಿದ್ದರೆ ಡಿಇಎಫ್ ಸರಿಯಾಗಿ ಆವಿಯಾಗುತ್ತಿಲ್ಲ ಎಂದರ್ಥ. ಡಿಇಎಫ್‌ನಿಂದ ಹುಟ್ಟುವ ಅಮೋನಿಯಾ ಹೆಚ್ಚಾಗಿ ಸೋರಿದರೂ ಆ ಸೆನ್ಸರ್ ಅದನ್ನು ನಾಕ್ಸ್ ಎಂದೇ ಎಣಿಸುತ್ತದೆ. ಹೊಸ ಸೆನ್ಸರೂ ಹಾಗೇ ಎಣಿಸುತ್ತದೆ.

ಪರೀಕ್ಷೆ ಆಗಿ ಟೆಂಪರೇಚರ್ ಸೆನ್ಸರೇ ಹೋಗಿದೆ ಎಂದಾದರೆ ಬದಲಿಸುವ ರೀತಿ. ವರ್ಷಗಟ್ಟಲೆ ಕೆಂಪಗೆ ಕಾದು ಆರಿದ ಥ್ರೆಡ್ ಅದು. ಬಲ ಹಾಕಿ ತಿರುಗಿಸಿದರೆ ಸೆನ್ಸರ್ ಕತ್ತು ಮುರಿದು ತುಂಡು ಒಳಗೇ ಉಳಿಯುತ್ತದೆ. ಆಮೇಲೆ ಟರ್ಬೋ ಕಡೆಯ ಪೈಪನ್ನೇ ಇಳಿಸಿ ಡ್ರಿಲ್ ಹೊಡೆಯಬೇಕು. ನೂರು ರೂಪಾಯಿಯ ಅವಸರಕ್ಕೆ ಸಾವಿರಾರು ರೂಪಾಯಿಯ ಲೇಬರ್. ಹಿಂದಿನ ಸಂಜೆಯೇ ಥ್ರೆಡ್ಡಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟು, ಮರುದಿನ ಎಂಜಿನ್ ಸ್ವಲ್ಪ ಬೆಚ್ಚಗೆ ಮಾಡಿ, ವೈರಿಗೆ ಸೀಳು ಇರುವ ಸಾಕೆಟ್ ಹಾಕಿ, ಅರ್ಧ ಸುತ್ತು ಬಿಚ್ಚಿ ಕಾಲು ಸುತ್ತು ಹಿಂದೆ ಬಿಗಿದು, ಮತ್ತೆ ಬಿಚ್ಚಿ, ಹೀಗೆ ಸಮಾಧಾನದಿಂದ ಹೊರತರಬೇಕು. ಹೊಸದರ ಥ್ರೆಡ್ಡಿಗೆ ಮಾತ್ರ, ಅದೂ ಕಂಪನಿ ಮೊದಲೇ ಹಚ್ಚಿ ಕಳಿಸಿರದಿದ್ದರೆ, ಹೆಚ್ಚು ಉಷ್ಣತೆ ತಡೆಯುವ ಆಂಟಿ ಸೀಜ್ ಪೇಸ್ಟ್, ತುದಿಗೆ ತಾಗಬಾರದು. ವೈರ್ ತಿರುಚಬಾರದು, ಹಳೆಯದು ಯಾವ ಕ್ಲಿಪ್ಪಿನಲ್ಲಿ ಹೋಗಿತ್ತೋ ಅದೇ ಕ್ಲಿಪ್ಪಿನಲ್ಲಿ ಹೋಗಬೇಕು. ಇಲ್ಲದಿದ್ದರೆ ಸೈಲೆನ್ಸರಿಗೆ ತಾಗಿ ಕರಗುತ್ತದೆ, ಪಿ0546 ಮರಳಿ ಬರುತ್ತದೆ. ಟಾರ್ಕ್ ರೆಂಚ್ ಹಿಡಿದೇ ಬಿಗಿಯಬೇಕು, ಅಂದಾಜಿನ ಕೈ ಬೇಡ. ಮುಂದೆಂದಾದರೂ ನಾಕ್ಸ್ ಸೆನ್ಸರ್ ಬದಲಿಸುವ ಪ್ರಸಂಗ ಬಂದರೆ ಅದಕ್ಕೆ ಸಾಮಾನ್ಯವಾಗಿ 50 ನ್ಯೂಟನ್ ಮೀಟರ್ ಆಸುಪಾಸು. ಕೈಜಾರಿ ನೆಲಕ್ಕೆ ಬಿದ್ದ ನಾಕ್ಸ್ ಸೆನ್ಸರನ್ನು, ಹೊರಗೆ ಏನೂ ಆಗಿಲ್ಲದಿದ್ದರೂ, ಹಾಕಿಸಿಕೊಳ್ಳಬೇಡಿ.

ಸೆನ್ಸರ್ ಕೂತ ಮೇಲೆ ಮಸಿ ತುಂಬಿದ ಫಿಲ್ಟರ್ ಹಾಗೇ ಇದೆಯಲ್ಲ, ಅದನ್ನು ಸುಡಬೇಕು. ಸ್ಕ್ಯಾನರಿನಲ್ಲಿ ಮಸಿಯ ಅಂದಾಜು ಗ್ರಾಂ ಲೆಕ್ಕದಲ್ಲೋ ಶೇಕಡಾವಾರೋ ಸಿಗುತ್ತದೆ. ಕಂಪನಿ ಹೇಳಿದ ಮಿತಿಯೊಳಗಿದ್ದರೆ ನಿಂತಲ್ಲೇ ಸರ್ವಿಸ್ ರೀಜನ್ ಮಾಡಿಸಬಹುದು. ಮಿತಿ ಮೀರಿದ್ದರೆ ಸುಡಲು ಹೋಗಬಾರದು, ಒಮ್ಮೆಲೆ ಹೊತ್ತಿಕೊಂಡು ಫಿಲ್ಟರ್ ಒಡೆಯುತ್ತದೆ. ಆಗ ಬಿಚ್ಚಿ ಮಷಿನ್‌ನಲ್ಲಿ ಸ್ವಚ್ಛ ಮಾಡಿಸುವುದೇ ದಾರಿ. ಪ್ರೆಷರ್ ವಾಷರ್ ನೀರು, ಆ್ಯಸಿಡ್ ಇವೆಲ್ಲ ಬೇಡ. ರೀಜನ್ ಮಾಡುವ ಜಾಗದ ಬಗ್ಗೆಯೂ ಹೇಳಲೇಬೇಕು, ನಮ್ಮ ಕಡೆ ಇದನ್ನು ಯಾರೂ ಗಮನಿಸುವುದಿಲ್ಲ. ಗಾಡಿಯ ಹೊಟ್ಟೆಯ ಕೆಳಗೆ ಆರುನೂರು ಡಿಗ್ರಿ ಇರುತ್ತದೆ. ಒಣ ಹುಲ್ಲು, ಜೋಳದ ಕಣಿಕೆ, ಬಣವಿ, ಹತ್ತಿ ಅಂಡಿಗೆ ಇರುವ ಕಡೆ ನಿಲ್ಲಿಸಲೇಬೇಡಿ. ಕಾಂಕ್ರೀಟ್ ನೆಲ, ತೆರೆದ ಜಾಗ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್.

ಅದಾದ ಮೇಲೆ ಆಯಿಲ್ ಬದಲಿಸಿ. ಅರ್ಧಕ್ಕೆ ನಿಂತ ರೀಜನ್‌ಗಳ ಡೀಸೆಲ್ ಆಯಿಲ್‌ಗೆ ಇಳಿದಿರುತ್ತದೆ. ಕಂಪನಿ ಬರೆದ ಗ್ರೇಡೇ ಬೇಕು, ಇಂಥ ಗಾಡಿಗೆ ಬಹುತೇಕ ಸಿ2 ಅಥವಾ ಸಿ3 ಎಂದಿರುತ್ತದೆ. ಇವು ಕಡಿಮೆ ಬೂದಿಯ ಆಯಿಲ್‌ಗಳು. ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ, ಫಿಲ್ಟರಿನಲ್ಲೇ ಉಳಿಯುತ್ತದೆ. ಟ್ರ್ಯಾಕ್ಟರಿಗೆ ತಂದದ್ದರಲ್ಲಿ ಉಳಿದದ್ದನ್ನು ಇದಕ್ಕೆ ಸುರಿಯಬೇಡಿ. ಆಮೇಲೆ ವಾರಕ್ಕೊಮ್ಮೆಯಾದರೂ ಅಣ್ಣಿಗೇರಿ ದಾರಿ ಹಿಡಿದು ಹುಬ್ಬಳ್ಳಿ ಕಡೆ ಅರ್ಧ ತಾಸು, 2000 ಆರ್‌ಪಿಎಂ ಮೇಲೆ, ಒಂದೇ ಸಮ ಓಡಿಸಿ. ಟಾಪ್ ಗೇರ್ ಹಾಕಿ ಆರ್‌ಪಿಎಂ ಕೆಳಗಿಟ್ಟು ‘ಆವರೇಜ್’ ಉಳಿಸುವ ಅಭ್ಯಾಸ ಆ ಅರ್ಧ ತಾಸಿನ ಮಟ್ಟಿಗೆ ಬಿಡಿ. ಮಧ್ಯೆ ಐಡಲ್ ಆರ್‌ಪಿಎಂ ಏರಿ, ಫ್ಯಾನ್ ಜೋರಾಗಿ, ಬಿಸಿ ವಾಸನೆ ಬಂದರೆ ರೀಜನ್ ನಡೆದಿದೆ. ಮನೆ ಬಂತೆಂದು ಆಫ್ ಮಾಡದೆ ಇನ್ನೊಂದು ಸುತ್ತು ಹೋಗಿ ಬನ್ನಿ. ಇದು ನಿಮ್ಮಿಂದ ಆಗದ ಮಾತಾದರೆ, ಖಡಾಖಂಡಿತ ಹೇಳುತ್ತೇನೆ, ಮುಂದಿನ ಗಾಡಿ ಪೆಟ್ರೋಲ್ ತೆಗೆದುಕೊಳ್ಳಿ.

ಸೆನ್ಸರ್ ಖರೀದಿಸುವಾಗ ಚಾಸಿ ನಂಬರ್ ಕೊಟ್ಟು ಡೀಲರ್ ಕೌಂಟರಿನಲ್ಲಿ ಪಾರ್ಟ್ ನಂಬರ್ ತೆಗೆಸಿ. ಹಳೆಯ ನಂಬರಿನ ಬದಲು ಹೊಸ ನಂಬರ್ ಬಂದಿರುತ್ತದೆ, ಅಲ್ಲಿ ಗೊತ್ತಾಗುತ್ತದೆ. ಕಂಪನಿಗೆ ಮಾಡಿಕೊಡುವವರದೇ ಸೆನ್ಸರ್ ಹೊರಗಿನ ಅಂಗಡಿಯಲ್ಲಿ ಕಡಿಮೆಗೆ ಸಿಗುತ್ತದೆ, ಅದಕ್ಕೆ ಅಡ್ಡಿಯಿಲ್ಲ. ಬಿಲ್ ಮತ್ತು ವಾರಂಟಿ ಇರಲಿ. ಗುಜರಿಯದು ಟೆಂಪರೇಚರ್ ಸೆನ್ಸರ್ ಆದರೆ ಅದೃಷ್ಟ ಪರೀಕ್ಷೆ, ನಾಕ್ಸ್ ಆದರೆ ಶುದ್ಧ ದಂಡ. ನಿಮ್ಮ ಗಾಡಿಗೆ ಎಕ್ಸ್‌ಟೆಂಡೆಡ್ ವಾರಂಟಿ ಇದ್ದರೆ ಈ ಯಾವುದಕ್ಕೂ ಕೈಹಾಕುವ ಮೊದಲು ಆ ಕಾಗದ ಓದಿ. ಬಿಚ್ಚಿದ ಹಳೆಯ ಪ್ರೆಷರ್ ಸೆನ್ಸರ್ ಗ್ಯಾರೇಜಿನಲ್ಲೇ ಬಿಟ್ಟು ಬಂದಿದ್ದರೆ ಕೇಳಿ ತೆಗೆದುಕೊಳ್ಳಿ, ಅದು ಚೆನ್ನಾಗಿಯೇ ಇರುವ ಸಾಧ್ಯತೆ ಹೆಚ್ಚು.

ಡಿಲೀಟ್ ವಿಷಯ. ಫಿಲ್ಟರಿನ ಹೊಟ್ಟೆ ಕೊರೆದು ಖಾಲಿ ಮಾಡುತ್ತಾರೆ, ಇಸಿಯು ಪ್ರೋಗ್ರಾಂ ತಿದ್ದಿ ಸೆನ್ಸರ್‌ಗಳ ಬಾಯಿ ಮುಚ್ಚಿಸುತ್ತಾರೆ. ‘ಪಿಯುಸಿ ಪಾಸ್ ಆಗ್ತೈತ್ರೀ’ ಎಂದು ಧೈರ್ಯವನ್ನೂ ಹೇಳುತ್ತಾರೆ. ನಮ್ಮ ಪಿಯುಸಿಯಲ್ಲಿ ಡೀಸೆಲ್ ಗಾಡಿಗೆ ನೋಡುವುದು ಹೊಗೆಯ ದಟ್ಟತೆ ಮಾತ್ರ, ನೈಟ್ರೋಜನ್ ಆಕ್ಸೈಡ್ ಅಳೆಯುವುದೇ ಇಲ್ಲ. ಹಾಗಾಗಿ ಪಾಸ್ ಆದರೂ ಅಚ್ಚರಿಯಿಲ್ಲ, ಅದರಿಂದ ಏನೂ ಸಾಬೀತಾಗುವುದೂ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಇಂಥ ಬದಲಾವಣೆಗೆ ಅನುಮತಿಯಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಮಾಲೀಕನಿಗೇ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ ಎನ್ನುತ್ತದೆ. ಮಾಡಿದ ಮೆಕ್ಯಾನಿಕ್ ಅಲ್ಲ, ಸಿಕ್ಕಿಬೀಳುವುದು ನೀವು. ನನ್ನ ಕಸುಬಿನ ದೃಷ್ಟಿಯಿಂದ ಇನ್ನೊಂದು ಮಾತು. ಡಿಲೀಟ್ ಆದ ಗಾಡಿಯಲ್ಲಿ ಇಂಜೆಕ್ಟರ್ ಸೋರಿದರೂ, ಟರ್ಬೋ ಪೈಪ್ ಸೀಳಿದರೂ ಮುನ್ಸೂಚನೆ ಕೊಡುವವರು ಯಾರೂ ಇರುವುದಿಲ್ಲ. ಆಮೇಲೆ ಸರಿ ಮಾಡಿಸೋಣ ಎಂದರೆ ಹೊಸ ಡಿಪಿಎಫ್‌ನ ಬೆಲೆ ಎರಡು ನಾಕ್ಸ್ ಸೆನ್ಸರಿನ ಬೆಲೆಯನ್ನೂ ಮೀರಿಸುತ್ತದೆ.

ಅಲ್ಲಿವರೆಗೆ ಓಡಿಸಬಹುದೇ ಎಂದು ಕೇಳಿದ್ದೀರಿ. ಮೊದಲು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಮ್ಯಾಕ್ಸ್ ಗೆರೆಯ ಮೇಲಿದ್ದು, ಬೆರಳಿಗೆ ತೆಳ್ಳಗೆ ಹತ್ತಿ ಡೀಸೆಲ್ ವಾಸನೆ ಬಂದರೆ ಸ್ಟಾರ್ಟ್ ಮಾಡಬೇಡಿ. ಆಯಿಲ್ ಮಟ್ಟ ಹೆಚ್ಚಾದರೆ ಎಂಜಿನ್ ಅದನ್ನೇ ಒಳಗೆಳೆದುಕೊಂಡು ಉರಿಯಲು ಶುರು ಮಾಡಬಹುದು, ಆಗ ಕೀ ತಿರುಗಿಸಿದರೂ ನಿಲ್ಲುವುದಿಲ್ಲ. ಗಾಡಿಯನ್ನು ಕ್ರೇನ್‌ನಲ್ಲೇ ಕಳಿಸಿ. ಆಯಿಲ್ ಗೆರೆಯೊಳಗಿದ್ದು, ಚೆಕ್ ಲೈಟ್ ಮಿನುಗದೆ ಒಂದೇ ಸಮ ಉರಿಯುತ್ತಿದ್ದರೆ, ಮೀಟರಿನಲ್ಲಿ ‘ಇನ್ನಿಷ್ಟು ಕಿಲೋಮೀಟರ್ ನಂತರ ಸ್ಟಾರ್ಟ್ ಆಗುವುದಿಲ್ಲ’ ಎಂಬ ಎಣಿಕೆ ಶುರುವಾಗಿರದಿದ್ದರೆ, ನಿಧಾನಕ್ಕೆ ಗ್ಯಾರೇಜಿನವರೆಗೆ ಓಡಿಸಿಕೊಂಡು ಹೋಗಬಹುದು. ಎಪಿಎಂಸಿಗೆ ಅಲ್ಲಿವರೆಗೆ ಬೈಕ್ ತೆಗೆಯಿರಿ.